ಗ್ರಿಂಡೆಲ್‌ವಾಲ್ಡ್‌ನಲ್ಲಿ ಸ್ಕೀ: ಯಾರಿಗೆ ಯಾವ ಬಣ್ಣದ ದಾರಿ?

ಪ್ರಶ್ನೆ: ನಾವು ಜ್ಯೂರಿಕ್‌ನಲ್ಲಿದ್ದೇವೆ. ಫೆಬ್ರವರಿಯ ಶಾಲಾ ರಜೆಯಲ್ಲಿ ಐದು ದಿನ ಗ್ರಿಂಡೆಲ್‌ವಾಲ್ಡ್‌ನಲ್ಲಿ ಉಳಿದು ಸ್ಕೀ ಮಾಡುವ ಯೋಚನೆಯಿದೆ. ನಾನು ಎರಡು ಚಳಿಗಾಲ ಕ್ಲಾಸಿಗೆ ಹೋಗಿ, ನೀಲಿ ಇಳಿಜಾರುಗಳಲ್ಲಿ ಬೀಳದೆ ಇಳಿಯುವಷ್ಟು ಕಲಿತಿದ್ದೇನೆ. ನಮ್ಮ ಮನೆಯವರು ಕಾಲಿಗೆ ಸ್ಕೀ ಹಾಕಿದ್ದೇ ಇಲ್ಲ. ಆದರೆ ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್ ಆಡುತ್ತಾರೆ, ‘ನೀಲಿ ತಾನೆ, ಒಂದು ದಿನದಲ್ಲಿ ಬರುತ್ತೆ ಬಿಡು’ ಅನ್ನುತ್ತಾರೆ. ಮಗನಿಗೆ 12 ವರ್ಷ, ಶಾಲೆಯ ಸ್ಕೀ ಕ್ಯಾಂಪಿಗೆ ಹೋಗಿ ಬಂದವನು, ಲೌಬರ್‌ಹಾರ್ನ್ ರೇಸಿನ ದಾರಿಯಲ್ಲೇ ಇಳಿಯಬೇಕು ಅಂತ ಹಟ. ಮಗಳಿಗೆ 7, ಹೊಸಬಳು. ಬೆಂಗಳೂರಿನಿಂದ ನನ್ನ ತಮ್ಮನೂ ಬರುತ್ತಿದ್ದಾನೆ. ಅವನು ಗುಲ್ಮಾರ್ಗ್‌ನಲ್ಲಿ ಬೇಸಿಕ್ ಕೋರ್ಸ್ ಮಾಡಿದ್ದಾನೆ, ‘ಕೆಂಪು ನನಗೆ ಓಕೆ’ ಅನ್ನುತ್ತಾನೆ. ಕಳೆದ ವರ್ಷ ಬೇರೊಂದು ಕಡೆ ನೀಲಿ ದಾರಿಯಲ್ಲೇ ಐಸ್ ಕಟ್ಟಿತ್ತು, ನಾನು ಅರ್ಧದಲ್ಲಿ ಕೂತುಬಿಟ್ಟಿದ್ದೆ. ಈ ಬಣ್ಣಗಳನ್ನು ಎಷ್ಟು ನಂಬಬಹುದು? ನಾವೆಲ್ಲ ಒಟ್ಟಿಗೆ ಇರಲು ಸಾಧ್ಯವೇ? ಮೇಲೆ ಸಿಕ್ಕಿಹಾಕಿಕೊಂಡರೆ ಏನು ಗತಿ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಮೊದಲು ಬರಬೇಕಾದದ್ದು. ಬೆಟ್ಟ ಹತ್ತುವ ಮುಂಚೆ ‘ಅಲ್ಲಿ ನೀಲಿ ದಾರಿ ಇದೆಯಾ’ ಎಂದು ಎಲ್ಲರೂ ಕೇಳುತ್ತಾರೆ. ‘ಸ್ಕೀ ಮಾಡದೆಯೂ ಅಲ್ಲಿಂದ ಕೆಳಗೆ ಬರಬಹುದಾ’ ಎಂದು ಕೇಳುವವರು ಕಡಿಮೆ. ಹೊಸಬರಿರುವ ಗುಂಪಿಗೆ ಎರಡನೆಯದೇ ಮುಖ್ಯ. ಆ ಲೆಕ್ಕದಲ್ಲಿ ನೀವು ಆರಿಸಿದ ಜಾಗ ಒಳ್ಳೆಯದೇ, ಏಕೆಂದರೆ ಇಲ್ಲಿ ಬೆಟ್ಟದ ನೆತ್ತಿಯ ತನಕ ರೈಲಿದೆ.

ಮೊದಲು ಬಣ್ಣದ ವಿಷಯ. ಸ್ವಿಟ್ಜರ್‌ಲೆಂಡ್‌ನಲ್ಲಿ ಹದಗೊಳಿಸಿದ ಇಳಿದಾರಿಗಳು, ಅಂದರೆ ಪಿಸ್ಟ್‌ಗಳು, ಮೂರು ಬಣ್ಣದವು: ನೀಲಿ, ಕೆಂಪು, ಕಪ್ಪು. ಫ್ರಾನ್ಸಿನಲ್ಲಿ ಇನ್ನೂ ಸುಲಭದ್ದಕ್ಕೆ ಹಸಿರು ಇದೆ, ಇಲ್ಲಿ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಫ್ರಾನ್ಸಿನಲ್ಲಿ ಹಸಿರು ಅನ್ನಿಸಿಕೊಳ್ಳುವುದೂ, ಅದಕ್ಕಿಂತ ಸಾಕಷ್ಟು ಕಷ್ಟದ್ದೂ ಇಲ್ಲಿ ‘ನೀಲಿ’ ಎಂಬ ಒಂದೇ ಹೆಸರಿನಡಿ ಬರುತ್ತವೆ. ಆಲ್ಪ್ಸ್‌ನಲ್ಲಿ ರೂಢಿಯಲ್ಲಿರುವ ಅಳತೆ ಹೀಗಿದೆ: ನೀಲಿಯ ಇಳಿಜಾರು 25 ಪ್ರತಿಶತ ಮೀರಬಾರದು, ಕೆಂಪು 40 ಮೀರಬಾರದು, ಅದಕ್ಕಿಂತ ಹೆಚ್ಚಿನದು ಕಪ್ಪು. 25 ಪ್ರತಿಶತ ಎಂದರೆ ಅಡ್ಡಕ್ಕೆ 100 ಮೀಟರ್ ಹೋದಾಗ 25 ಮೀಟರ್ ಇಳಿಯುವುದು, ಕೋನದಲ್ಲಿ ಸುಮಾರು 14 ಡಿಗ್ರಿ. 40 ಪ್ರತಿಶತ ಸುಮಾರು 22 ಡಿಗ್ರಿ. ಮನೆಯ ಮಹಡಿ ಮೆಟ್ಟಿಲು 30 ಡಿಗ್ರಿಗಿಂತ ಕಡಿದಾಗಿರುತ್ತದೆ, ಹಾಗಾಗಿ ಕಾಗದದ ಮೇಲೆ ಕೆಂಪು ಏನೂ ಅನ್ನಿಸುವುದಿಲ್ಲ. ಹಿಮದ ಮೇಲೆ ನಿಂತಾಗ ಮಾತು ಬೇರೆ.

ಈ ನಿಯಮದಲ್ಲಿ ಎರಡು ಸಡಿಲಿಕೆಗಳಿವೆ. ಸುತ್ತ ಬಯಲಿರುವ ಕಡೆ, ಚಿಕ್ಕ ತುಂಡು ಮಿತಿ ಮೀರಿದರೂ ಬಣ್ಣ ಬದಲಾಗುವುದಿಲ್ಲ. ನೀಲಿಯ ನಡುವೆ ಇದ್ದಕ್ಕಿದ್ದಂತೆ ಗೋಡೆಯಂಥ 30 ಮೀಟರ್ ಎದುರಾಗುವುದು ಇದರಿಂದಲೇ. ಇನ್ನು ಕಪ್ಪಿಗೆ ಕೆಳಮಿತಿ ಮಾತ್ರ ಇದೆ, ಮೇಲ್ಮಿತಿ ಇಲ್ಲ. ಒಂದು ಕಪ್ಪು ಇಳಿದವರು ಎಲ್ಲ ಕಪ್ಪೂ ಇಳಿದಾರು ಎನ್ನುವಂತಿಲ್ಲ.

‘ಸರಾಸರಿ ಇಳಿಜಾರು’ ಎಂಬ ಅಂಕಿಯನ್ನಂತೂ ನಂಬಲೇಬೇಡಿ. ನಿಮ್ಮ ಮಗ ಆಸೆಪಟ್ಟಿರುವ ಲೌಬರ್‌ಹಾರ್ನ್ ರೇಸನ್ನೇ ನೋಡಿ. ಶುರುವಾಗುವುದು 2,315 ಮೀಟರ್ ಎತ್ತರದಲ್ಲಿ, ಮುಗಿಯುವುದು 1,287 ಮೀಟರ್‌ನಲ್ಲಿ, ಉದ್ದ ಸುಮಾರು 4.5 ಕಿಲೋಮೀಟರ್. ಸ್ಕೀ ವಿಶ್ವಕಪ್‌ನ ಡೌನ್‌ಹಿಲ್, ಅಂದರೆ ವೇಗದ ಇಳಿತದ ರೇಸುಗಳಲ್ಲೇ ಅತಿ ಉದ್ದದ್ದು. ಲೆಕ್ಕ ಹಾಕಿದರೆ ಸರಾಸರಿ 24 ಪ್ರತಿಶತದೊಳಗೇ ಬರುತ್ತದೆ, ಅಂದರೆ ನೀಲಿ! ಆದರೆ ಅದೇ ದಾರಿಯಲ್ಲಿ ಹುಂಡ್‌ಶೋಪ್ಫ್ ಎಂಬ ಬಂಡೆಯ ಅಂಚಿನಿಂದ ರೇಸಿನವರು ಗಾಳಿಗೆ ಹಾರುತ್ತಾರೆ. ಕೆಳಗಿನ ಹಾನೆಗ್‌ಶುಸ್ ಎಂಬಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದರು. ನಡುವೆ ಉದ್ದುದ್ದ ಚಪ್ಪಟೆ ಭಾಗಗಳಿರುವುದರಿಂದ ಸರಾಸರಿ ಇಳಿದುಹೋಗಿದೆ, ಅಷ್ಟೆ.

ಬಣ್ಣ ಹೇಳದ ಸಂಗತಿಗಳು

ನೀವು ಕಳೆದ ವರ್ಷ ಕೂತುಬಿಟ್ಟದ್ದು ನಿಮ್ಮ ಕಲಿಕೆಯ ದೋಷವೆಂದು ನನಗೆ ಅನ್ನಿಸುವುದಿಲ್ಲ. ಬಣ್ಣ ನೆಲದ ಆಕಾರವನ್ನು ಮಾತ್ರ ಹೇಳುತ್ತದೆ, ಹಿಮದ ಸ್ಥಿತಿಯನ್ನಲ್ಲ. ನೆಲ ವರ್ಷಪೂರ್ತಿ ಅದೇ. ಹಿಮ ಮಾತ್ರ ಗಂಟೆಗಂಟೆಗೂ ಬದಲಾಗುತ್ತದೆ.

ರಾತ್ರಿ ಯಂತ್ರಗಳು ಪಿಸ್ಟ್ ಹದಗೊಳಿಸಿ ಹೋದ ಮೇಲೆ ಬೆಳಿಗ್ಗೆ ಮೇಲ್ಮೈ ಸಣ್ಣ ಸಣ್ಣ ಗೆರೆ ಎಳೆದ ಹಾಗೆ ಸಮನಾಗಿರುತ್ತದೆ. ಸ್ಕೀಯ ಅಂಚು ಚೆನ್ನಾಗಿ ಕಚ್ಚುತ್ತದೆ. ಹೊತ್ತೇರಿದಂತೆ ಜನ ತಿರುಗುವ ಕಡೆಯೆಲ್ಲ ಸಡಿಲ ಹಿಮ ಕೆರೆದು ಪಕ್ಕಕ್ಕೆ ಗುಡ್ಡೆಯಾಗುತ್ತದೆ, ಅಡಿಯ ಗಟ್ಟಿ ಪದರ ಬರಿದಾಗುತ್ತದೆ. ಯಂತ್ರದಿಂದ ಮಾಡಿದ ಕೃತಕ ಹಿಮ ಸಹಜ ಹಿಮಕ್ಕಿಂತ ದಟ್ಟವಾದ್ದರಿಂದ ಅಲ್ಲಿ ಇದು ಇನ್ನೂ ಜಾಸ್ತಿ. ಮಧ್ಯಾಹ್ನ ಮೂರಕ್ಕೆ ಊರಿಗೆ ಇಳಿಯುವ ನೀಲಿ ದಾರಿ, ಬೆಳಿಗ್ಗೆ ಒಂಬತ್ತರ ಅಗಲವಾದ ಕೆಂಪಿಗಿಂತ ಕಷ್ಟ. ಇದನ್ನು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ.

ಗ್ರಿಂಡೆಲ್‌ವಾಲ್ಡ್‌ನಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಊರು ತಗ್ಗಿನಲ್ಲಿದೆ. ಊರಿನ ಎತ್ತರ 1,034 ಮೀಟರ್, ಕೆಳಗಿನ ಗ್ರುಂಡ್ ನಿಲ್ದಾಣ ಇನ್ನೂ 90 ಮೀಟರ್ ತಗ್ಗು. ಮೇಲೆ, ಇಳಿದಾರಿಗಳು ಹೊರಡುವ ಮೆನ್ಲಿಶೆನ್ ಮತ್ತು ಕ್ಲೈನೆ ಶೈಡೆಗ್ ಎರಡೂ 2,000 ಮೀಟರ್ ದಾಟಿವೆ. ಮೇಲೆ ಒಣ ಹಿಮ ಇರುವ ದಿನವೇ ಕೆಳಗೆ ಮಧ್ಯಾಹ್ನ ಅಂಬಲಿಯಂಥ ಹಿಮ ಇರಬಹುದು, ಮಾರನೆಯ ಬೆಳಿಗ್ಗೆ ಅದೇ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಫಿರ್ಸ್ಟ್ ಬೆಟ್ಟದ ಕಡೆಯ ಇಳಿಜಾರುಗಳು ದಕ್ಷಿಣಕ್ಕೆ ಮುಖ ಮಾಡಿವೆ, ಬಿಸಿಲು ಹೆಚ್ಚು. ಮೆನ್ಲಿಶೆನ್‌ನಿಂದ ಗ್ರಿಂಡೆಲ್‌ವಾಲ್ಡ್ ಕಡೆಗಿನವು ಪೂರ್ವಾಭಿಮುಖ, ಬೆಳಗಿನ ಬಿಸಿಲು ಅಲ್ಲಿ, ಮಧ್ಯಾಹ್ನದ ನೆರಳೂ ಅಲ್ಲೇ. ಐಗರ್ ಶಿಖರದ ಉತ್ತರ ಗೋಡೆಯ ಅಡಿಯ ದಾರಿಗಳಲ್ಲಿ ನಡುಚಳಿಗಾಲದ ನೆರಳು ದಿನವೆಲ್ಲ ಎನ್ನುವಷ್ಟಿರುತ್ತದೆ. ಹಿಮ ಅಲ್ಲಿ ಚೆನ್ನಾಗಿ ಉಳಿಯುತ್ತದೆ, ಗಟ್ಟಿಯಾಗಿಯೂ ಉಳಿಯುತ್ತದೆ.

ಮತ್ತೊಂದು, ಅಗಲ. ಕಾಡಿನ ನಡುವೆ ಸಾಗುವ ಕಿರುದಾರಿ ಇಳಿಜಾರಿನ ಲೆಕ್ಕದಲ್ಲಿ ನೀಲಿಯೇ. ಆದರೆ ಅಲ್ಲಿ ಅಡ್ಡಕ್ಕೆ ತಿರುಗಿ ವೇಗ ಕಳೆದುಕೊಳ್ಳಲು ಜಾಗವಿಲ್ಲ. ಹೊಸಬರು ಸ್ಕೀಗಳ ಮೂತಿ ಸೇರಿಸಿ ಹಿಂಭಾಗ ಅಗಲಿಸಿ ಇಡೀ ದಾರಿ ಬ್ರೇಕ್ ಹಾಕುತ್ತಲೇ ಹೋಗಬೇಕು. ತೊಡೆ ಉರಿಯುತ್ತದೆ, ಕೊನೆಗೆ ಸ್ಕೀ ಹಿಡಿತಕ್ಕೆ ಸಿಗುವುದಿಲ್ಲ. ಅಗಲವಾದ ಇಳಿಜಾರಿನಲ್ಲಿ ಅದೇ ವ್ಯಕ್ತಿ ಆರಾಮಾಗಿ ಇಳಿಯುತ್ತಾರೆ.

ಬೆಳಕನ್ನೂ ಮರೆಯಬೇಡಿ. ಮರಗಳಿಲ್ಲದ ಎತ್ತರದಲ್ಲಿ ಮೋಡ ಕವಿದರೆ ಉಬ್ಬುತಗ್ಗು ಕಾಣುವುದೇ ಇಲ್ಲ, ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಬಿಸಿಲಿನ ಕಡುಬಣ್ಣದ ಗಾಗಲ್ (ಎಸ್3) ಆಗ ಉಪಯೋಗಕ್ಕೆ ಬರದು, ತಿಳಿಬಣ್ಣದ ಎಸ್1 ಗಾಜು ಬೇಕು. ಅಂಥ ದಿನ ಮರಗಳಿರುವ ತಗ್ಗಿನ ದಾರಿಗಳೇ ವಾಸಿ.

ನಿಮ್ಮ ಮನೆಯವರು ಮತ್ತು ಮಗಳು

ಬ್ಯಾಡ್ಮಿಂಟನ್ನಿನಿಂದ ಕಾಲಿಗೆ ಬಲ ಬಂದಿರುತ್ತದೆ, ಒಳ್ಳೆಯದೇ. ಆದರೆ ಮೊದಲ ದಿನದ ಕಷ್ಟ ಬಲದ್ದಲ್ಲ. ಭಯವಾದಾಗ ಮೈ ತಾನಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಭಾರ ಹಿಂದೆ ಹೋದ ಕ್ಷಣ ಸ್ಕೀಯ ಮುಂಭಾಗ ಹಗುರಾಗಿ ತಿರುಗುವುದನ್ನು ನಿಲ್ಲಿಸುತ್ತದೆ, ವೇಗ ಏರುತ್ತದೆ, ಇನ್ನೂ ಹಿಂದಕ್ಕೆ ವಾಲುತ್ತಾರೆ. ಈ ಚಕ್ರ ಮುರಿಯಲು ಚಪ್ಪಟೆ ಜಾಗವೇ ಬೇಕು. ಗಟ್ಟಿಮುಟ್ಟಾದ ಗಂಡಸರು ಇದರಲ್ಲಿ ಹೆಚ್ಚು ಒದ್ದಾಡುವುದನ್ನು ಕಾಣುತ್ತೇವೆ. ಬಲದಿಂದ ಸ್ಕೀಯನ್ನು ತಳ್ಳಿ ತಿರುಗಿಸಲು ನೋಡುತ್ತಾರೆ.

ಮೊದಲ ಎರಡು ದಿನ ಅವರಿಬ್ಬರಿಗೂ ಊರಿನ ಮೇಲಂಚಿನಲ್ಲಿರುವ ಬೋಡ್ಮಿ ಸಾಕು. ಅದು ಹೊಸಬರಿಗೆಂದೇ ಇರುವ ಇಳಿಜಾರು, ನಿಂತಲ್ಲೇ ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿ, ಅಂದರೆ ಮ್ಯಾಜಿಕ್ ಕಾರ್ಪೆಟ್, ಅಲ್ಲಿದೆ. ಇಡೀ ಪ್ರದೇಶದ ದುಬಾರಿ ಪಾಸನ್ನು ಆ ಎರಡು ದಿನ ಅವರಿಗೆ ಕೊಳ್ಳಬೇಡಿ. ಇಬ್ಬರನ್ನೂ ಸ್ಕೀ ಶಾಲೆಗೆ ಸೇರಿಸಿ, ಬೇರೆ ಬೇರೆ ಗುಂಪುಗಳಲ್ಲಿ. ಗಂಡನಿಗೆ ಹೆಂಡತಿ ಕಲಿಸುವುದು ಬೇಡವೇ ಬೇಡ. ಸ್ಕೀಗೆ ಏನಾಗುತ್ತದೋ ಗೊತ್ತಿಲ್ಲ, ಸಂಜೆಯ ಊಟವಂತೂ ಕೆಡುತ್ತದೆ.

ಮೂರನೆಯ ದಿನ ಮೇಲಕ್ಕೆ ಕರೆದೊಯ್ಯುವ ಮುಂಚೆ ನಾಲ್ಕು ಸಂಗತಿ ನೋಡಿ: ಬೇಕೆಂದಲ್ಲಿ ನಿಲ್ಲುತ್ತಾರಾ, ಎಡಕ್ಕೂ ಬಲಕ್ಕೂ ಸೇರಿ ಹತ್ತು ತಿರುವು ಬಿಡದೆ ತೆಗೆಯುತ್ತಾರಾ, ಬಿದ್ದರೆ ಯಾರ ಸಹಾಯವಿಲ್ಲದೆ ಏಳುತ್ತಾರಾ, ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು ನಿಧಾನ ಪಕ್ಕಕ್ಕೆ ಐದಾರು ಮೀಟರ್ ಜಾರುತ್ತಾರಾ. ಕೊನೆಯದನ್ನು ಶಾಲೆಗಳಲ್ಲಿ ಬೇಗ ಮುಗಿಸಿಬಿಡುತ್ತಾರೆ, ನೀವು ಕೇಳಿ ಕಲಿಸಿಕೊಳ್ಳಿ. ಹೆದರಿಕೆಯ ತುಂಡು ಎದುರಾದಾಗ ಮಾನ ಉಳಿಸುವುದು ಈ ಪಕ್ಕಜಾರಿಕೆಯೇ.

ನಾಲ್ಕೂ ಆದರೆ ಕ್ಲೈನೆ ಶೈಡೆಗ್‌ಗೆ ರೈಲಿನಲ್ಲಿ ಹೋಗಿ. 1893ರಲ್ಲಿ ಶುರುವಾದ ವೆಂಗರ್ನಾಲ್ಪ್ ಹಲ್ಲುಹಳಿ ರೈಲು ಅಲ್ಲಿಂದ ಒಂದು ಕಡೆ ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಕಡೆ ವೆಂಗೆನ್ ದಾಟಿ ಲೌಟರ್‌ಬ್ರುನೆನ್‌ಗೆ ಇಳಿಯುತ್ತದೆ. ಸುಲಭದ ಇಳಿದಾರಿಗಳು ಹಳಿಯ ಆಸುಪಾಸಿನಲ್ಲೇ ಸಾಗುತ್ತವೆ, ನಡುವೆ ನಿಲ್ದಾಣಗಳಿವೆ: ವೆಂಗೆನ್ ಕಡೆ ವೆಂಗರ್ನಾಲ್ಪ್ ಮತ್ತು ಆಲ್ಮೆಂಡ್, ಗ್ರಿಂಡೆಲ್‌ವಾಲ್ಡ್ ಕಡೆ ಆಲ್ಪಿಗ್ಲೆನ್ ಮತ್ತು ಬ್ರಾಂಡೆಗ್. ಕಾಲು ಸೋತರೆ ಮುಂದಿನ ನಿಲ್ದಾಣದಲ್ಲಿ ಸ್ಕೀ ಬಿಚ್ಚಿ ರೈಲು ಹತ್ತಬಹುದು. ಇಂಥ ಅನುಕೂಲ ಆಲ್ಪ್ಸ್‌ನ ಎಷ್ಟೋ ಹೆಸರಾಂತ ಜಾಗಗಳಲ್ಲಿಲ್ಲ. ಎಲ್ಲ ರೈಲೂ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತದೆಂದು ಎಣಿಸಬೇಡಿ, ವೇಳಾಪಟ್ಟಿಯ ಫೋಟೋ ಇಟ್ಟುಕೊಳ್ಳಿ. ಮೆನ್ಲಿಶೆನ್‌ನಲ್ಲೂ ಹೀಗೆಯೇ: ಗೊಂಡೊಲಾದಲ್ಲೇ, ಅಂದರೆ ತಂತಿಯ ಮೇಲೆ ಸಾಗುವ ಕ್ಯಾಬಿನ್ನಿನಲ್ಲೇ, ಕೆಳಗೆ ಬರಬಹುದು, ನಡುವೆ ಹೋಲೆನ್‌ಸ್ಟೈನ್ ನಿಲ್ದಾಣ ಇದೆ. ಮೇಲಿನ ಅರ್ಧ ಸ್ಕೀ ಮಾಡಿ, ಮಧ್ಯಾಹ್ನದ ಐಸ್ ಇರುವ ಕೆಳಗಿನ ಅರ್ಧವನ್ನು ಗೊಂಡೊಲಾದಲ್ಲಿ ಕಳೆಯುವುದು ನಾಚಿಕೆಯ ಮಾತಲ್ಲ. ಅನುಭವಿಗಳೂ ಹಾಗೆ ಮಾಡುತ್ತಾರೆ.

ಒಂದು ಎಚ್ಚರಿಕೆ. 2020ರ ಡಿಸೆಂಬರಿನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರು ಹದಿನೈದೇ ನಿಮಿಷದಲ್ಲಿ ನಿಮ್ಮನ್ನು 2,320 ಮೀಟರ್ ಎತ್ತರದ ಐಗರ್‌ಗ್ಲೆಚರ್‌ಗೆ ತಲುಪಿಸುತ್ತದೆ. ಕ್ಯಾಬಿನ್ ದೊಡ್ಡದು, ನೋಟ ಚೆಂದ, ಕ್ಯೂ ಬೇಗ ಕರಗುತ್ತದೆ ಎಂದು ಹೊಸಬರೂ ಹತ್ತಿಬಿಡುತ್ತಾರೆ. ಮೇಲಿನ ದಾರಿಗಳು ಅವರಿಗೆ ಹೇಳಿದವಲ್ಲ. ‘ಬ್ಲ್ಯಾಕ್ ರಾಕ್’ ಎಂಬ ಕಪ್ಪು ಪಿಸ್ಟ್ ಹೊರಡುವುದು ಅಲ್ಲಿಂದಲೇ. ತಪ್ಪಿ ಹೋದರೆ ಯೂಂಗ್‌ಫ್ರೌ ರೈಲಿನಲ್ಲಿ ಕ್ಲೈನೆ ಶೈಡೆಗ್‌ಗೆ ಇಳಿದುಬಿಡಿ.

ತಮ್ಮ, ಮಗ, ಮತ್ತು ನೀವು

ಗುಲ್ಮಾರ್ಗ್‌ನ ಬೇಸಿಕ್ ಕೋರ್ಸ್ ಒಳ್ಳೆಯ ಅಡಿಪಾಯ. ಆದರೆ ಅಲ್ಲಿ ಹೊಸಬರು ಹೆಚ್ಚಾಗಿ ತಿರುಗಾಡುವುದು ಚಿಕ್ಕ ಇಳಿಜಾರಿನಲ್ಲಿ, ಮೆತ್ತನೆಯ ಸಹಜ ಹಿಮದಲ್ಲಿ. ಮೆತ್ತನೆಯ ಹಿಮ ತಾನೇ ವೇಗ ತಡೆಯುತ್ತದೆ, ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಆಲ್ಪ್ಸ್‌ನ ಗಟ್ಟಿ ಪಿಸ್ಟ್‌ನಲ್ಲಿ ಸ್ಕೀಯ ಅಂಚನ್ನು ಬೆಟ್ಟದ ಕಡೆಗೆ ಓರೆ ಮಾಡಿ ಕಚ್ಚಿಸಲು ಬರದಿದ್ದರೆ ಸ್ಕೀ ಅಡ್ಡಕ್ಕೆ ಜಾರಿಹೋಗುತ್ತದೆ. ತಮ್ಮ ಮೊದಲ ದಿನ ನಿಮ್ಮ ಜೊತೆ ನೀಲಿಯಲ್ಲಿ ಇರಲಿ. ಮೇಲಿಂದ ಕೆಳತನಕ ಒಂದೇ ವೇಗದಲ್ಲಿ, ಸ್ಕೀಗಳನ್ನು ಹೆಚ್ಚುಕಡಿಮೆ ಜೋಡಿಯಾಗಿಟ್ಟು, ಎರಡೂ ಬದಿಗೆ ಸಮನಾಗಿ ತಿರುಗಿ ಇಳಿದರೆ ಎರಡನೆಯ ದಿನ ಬೆಳಿಗ್ಗೆ ಮೆನ್ಲಿಶೆನ್‌ನ ಅಗಲವಾದ ಕೆಂಪಿಗೆ ಹೋಗಬಹುದು. ನಿಮಗೂ ಇದೇ ಅಳತೆ. ಕೆಂಪನ್ನು ಮೊದಲ ಸಲ ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ, ಕೆಳಗೆ ಇನ್ನೊಂದು ಲಿಫ್ಟ್ ಇರುವ ಚಿಕ್ಕ ತುಂಡಿನಲ್ಲಿ ನೋಡಿ. ಊರಿನ ತನಕದ ಉದ್ದದ ಕೆಂಪು ಆಮೇಲೆ.

ಮಗನ ವಿಷಯದಲ್ಲಿ ಧೈರ್ಯವನ್ನು ಕೌಶಲ ಅಂದುಕೊಳ್ಳಬೇಡಿ. ಆ ವಯಸ್ಸಿನವರು ನೇರ ಇಳಿದು ಚಪ್ಪಟೆ ಬಂದಾಗ ನಿಲ್ಲುತ್ತಾರೆ, ನೋಡುವವರಿಗೆ ಅದು ಚೆನ್ನಾಗಿ ಸ್ಕೀ ಮಾಡಿದ ಹಾಗೆ ಕಾಣುತ್ತದೆ. ಕೆಂಪಿನಲ್ಲಿ, ಮೂರು ಸ್ಕೀ ಉದ್ದದಷ್ಟು ಅಗಲದ ಕಾಲ್ಪನಿಕ ಪಟ್ಟಿಯೊಳಗೆ ಹದಿನೈದು ಸಣ್ಣ ತಿರುವು ತೆಗೆಯಲು ಹೇಳಿ. ವೇಗ ಏರದೆ ಮುಗಿಸಿದರೆ ಕಪ್ಪಿನ ಮಾತಾಡಬಹುದು. ಲೌಬರ್‌ಹಾರ್ನ್ ರೇಸ್ ನಡೆಯುವುದು ಜನವರಿ ಮಧ್ಯದಲ್ಲಿ, ನೀವು ಹೋಗುವ ಹೊತ್ತಿಗೆ ಮುಗಿದಿರುತ್ತದೆ. ಆ ಬೆಟ್ಟದ ದಾರಿಗಳನ್ನು ಅರ್ಧ ದಿನಕ್ಕೆ ಒಬ್ಬ ಬೋಧಕರನ್ನು ಗೊತ್ತುಮಾಡಿ ತುಂಡುತುಂಡಾಗಿ ತೋರಿಸಿ. ಎಲ್ಲಿ ಬಳಸಿ ಹೋಗಬೇಕೆಂದು ಅವರಿಗೆ ಗೊತ್ತಿರುತ್ತದೆ. ಮಗನಿಗೆ ಅಪ್ಪ ಅಮ್ಮನ ಮಾತಿಗಿಂತ ಅವರ ಮಾತು ಹಿಡಿಸುತ್ತದೆ ಎಂಬುದೂ ಇದೆ.

ನಕ್ಷೆಯಲ್ಲಿ ಹಳದಿ ಗೆರೆ ಕಂಡರೆ ಅದು ಸುಲಭದ್ದೆಂದು ಮಗ ವಾದಿಸಬಹುದು. ಸ್ವಿಸ್ ಪದ್ಧತಿಯಲ್ಲಿ ಹಳದಿ ಎಂದರೆ ಹಿಮಕುಸಿತದಿಂದ ರಕ್ಷಣೆ ಕೊಟ್ಟಿರುವ, ಗುರುತು ಹಾಕಿರುವ, ಆದರೆ ಯಂತ್ರದಿಂದ ಹದಗೊಳಿಸದ ದಾರಿ. ಕಪ್ಪಿಗಿಂತ ಕಷ್ಟವಾಗುವುದೂ ಉಂಟು. ಯಾವ ಗುರುತೂ ಇಲ್ಲದ ಹಿಮಕ್ಕೆ ಹೋದರೆ ಯಾರ ರಕ್ಷಣೆಯೂ ಇಲ್ಲ.

ಎಲ್ಲರೂ ಇಡೀ ದಿನ ಒಟ್ಟಿಗೆ ಇರುವ ಆಸೆಯನ್ನು ಬಿಡಿ. ನಿಧಾನದವರು ಅವಸರಪಡುತ್ತಾರೆ, ವೇಗದವರು ಕಾದು ಕಾದು ಬೇಸತ್ತು ಕೊನೆಯ ಇಳಿತದಲ್ಲಿ ಹುಚ್ಚಾಟ ಮಾಡುತ್ತಾರೆ. ಊಟಕ್ಕೆ ಕ್ಲೈನೆ ಶೈಡೆಗ್‌ನಲ್ಲಿ ಸೇರಿ. ರೈಲು ಇರುವುದರಿಂದ ಸ್ಕೀ ಬಾರದವರೂ ಅಲ್ಲಿಗೆ ಬರಬಹುದು.

ಬಾಡಿಗೆ ಅಂಗಡಿಯಲ್ಲಿ

ಮೊಣಕಾಲಿನ ಗಾಯ ತಪ್ಪಿಸುವ ಕೆಲಸ ಇಲ್ಲಿಂದಲೇ ಶುರು. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್, ಬಿದ್ದಾಗ ಬಿಚ್ಚಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಚ್ಚಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಸ್ಕೀ ಮಾಡುವ ರೀತಿ ನೋಡಿ ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯಿಂದ ಹೊಂದಿಸುತ್ತಾರೆ. ‘ಗಟ್ಟಿಯಾಗಿದ್ದರೆ ಸ್ಕೀ ಕಳಚುವುದಿಲ್ಲ, ಸುರಕ್ಷಿತ’ ಎಂಬುದು ತಿರುಗುಮುರುಗು ತರ್ಕ. ಹೊಸಬರು ಬೀಳುವುದು ನಿಧಾನವಾಗಿ, ಕಾಲು ತಿರುಚಿಕೊಂಡು. ಬೈಂಡಿಂಗ್ ಬಿಚ್ಚದಿದ್ದರೆ ಆ ತಿರುಚನ್ನು ಮೊಣಕಾಲೇ ಹೊರಬೇಕು. ಅಂಗಡಿಯವರು ಮಟ್ಟ ಕೇಳಿದಾಗ ನಿಮ್ಮ ಮನೆಯವರೂ ತಮ್ಮನೂ ಒಂದು ಹಂತ ಏರಿಸಿ ಹೇಳದಿರಲಿ. ಮಗಳ ವಯಸ್ಸನ್ನು ತಪ್ಪದೆ ಹೇಳಿ, 9 ಮತ್ತು ಅದಕ್ಕಿಂತ ಚಿಕ್ಕವರಿಗೂ 50 ದಾಟಿದವರಿಗೂ ಪಟ್ಟಿಯಲ್ಲಿ ಒಂದು ಹಂತ ಸಡಿಲ ಮಾಡುತ್ತಾರೆ.

ಬೂಟಿನೊಳಗೆ ಒಂದೇ ಉದ್ದನೆಯ ಸಾಕ್ಸ್. ಚಳಿಯೆಂದು ಎರಡು ಹಾಕಿದರೆ ರಕ್ತ ಸಂಚಾರ ನಿಂತು ಕಾಲು ಇನ್ನೂ ತಣ್ಣಗಾಗುತ್ತದೆ, ಮಡಿಕೆ ಬಿದ್ದ ಕಡೆ ಬೊಬ್ಬೆ ಏಳುತ್ತದೆ. ಥರ್ಮಲ್ ಪ್ಯಾಂಟಿನ ತುದಿಯೂ ಬೂಟಿನ ಒಳಗೆ ಹೋಗಬಾರದು. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಿದಂತಿರಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಕೊಂಚ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ನಡೆಯಲು ಆರಾಮವಾದ ಬೂಟು ಸಾಮಾನ್ಯವಾಗಿ ಒಂದು ಸೈಜು ದೊಡ್ಡದು. ಹೊಸಬರ ಸ್ಕೀ ನಿಲ್ಲಿಸಿದರೆ ಗದ್ದದಿಂದ ಮೂಗಿನ ನಡುವೆ ಬಂದರೆ ಸಾಕು.

ಸಿಕ್ಕಿಹಾಕಿಕೊಂಡರೆ

ಕಡಿದಾದ ಗಟ್ಟಿ ಹಿಮದಲ್ಲಿ ಬಿದ್ದರೆ ನುಣುಪಾದ ಜಾಕೆಟ್ಟು ತಡೆಯುವುದಿಲ್ಲ, ಜಾರುತ್ತಲೇ ಹೋಗುತ್ತೀರಿ. ಕೂಡಲೇ ಕಾಲು ಕೆಳಗಾಗಿ ತಿರುಗಿ. ಸ್ಕೀ ಇನ್ನೂ ಕಾಲಲ್ಲಿದ್ದರೆ ಇಳಿಜಾರಿಗೆ ಅಡ್ಡ ಮಾಡಿ ಅಂಚು ಕಚ್ಚಿಸಿ. ಕಳಚಿದ್ದರೆ ಬೋರಲಾಗಿ, ಬೂಟಿನ ತುದಿಯನ್ನೂ ಕೈಗಳನ್ನೂ ಹಿಮಕ್ಕೆ ಒತ್ತಿ. ನಿಂತ ಮೇಲೆ ಮತ್ತೆ ಸ್ಕೀ ಹಾಕುವಾಗ ಎರಡನ್ನೂ ಅಡ್ಡಕ್ಕೆ ಇಟ್ಟು, ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ಕೆರೆದು, ಮೊದಲು ಇಳಿಜಾರಿನ ಕೆಳಬದಿಯದನ್ನು ಹಾಕಿಕೊಳ್ಳಿ. ಹಿಮ ಅಂಟಿದ್ದರೆ ಬೈಂಡಿಂಗ್ ಕಚ್ಚಿದಂತೆ ಕಂಡರೂ ಸರಿಯಾಗಿ ಕೂತಿರುವುದಿಲ್ಲ.

ಇಳಿಯಲು ಆಗದಿದ್ದರೆ ಅಂಚಿಗೆ ಸರಿದು, ಮೇಲಿನಿಂದ ಬರುವವರಿಗೆ ಕಾಣುವಂತೆ ನಿಲ್ಲಿ. ಉಬ್ಬಿನ ಕೆಳಗೆ ನಿಲ್ಲಬೇಡಿ. ಮುಂದಿರುವವರಿಗೆ ಅಪಾಯವಾಗದಂತೆ ದಾರಿ ಆರಿಸುವ ಹೊಣೆ ಹಿಂದಿನಿಂದ ಬರುವವರದ್ದು ಎಂದು ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ನಿಯಮ ಹೇಳುತ್ತದೆ, ಆದರೆ ಕಾಣದವರನ್ನು ಯಾರು ತಪ್ಪಿಸಿಯಾರು? ಬರಿ ಸ್ಕೀ ಬೂಟಿನಲ್ಲಿ ನಡುದಾರಿಯಲ್ಲಿ ನಡೆಯುವುದು ಸ್ಕೀಗಿಂತ ಅಪಾಯ. ಗಾಯವಾಗಿದ್ದರೆ ಕೆಲವು ಮೀಟರ್ ಮೇಲೆ ಎರಡು ಸ್ಕೀಗಳನ್ನು ಕತ್ತರಿಯಂತೆ ನೆಟ್ಟು, ನಕ್ಷೆಯ ಮೇಲಿನ ಪಿಸ್ಟ್ ರಕ್ಷಣಾ ತಂಡದ ನಂಬರಿಗೆ ಕರೆ ಮಾಡಿ, ಪಿಸ್ಟ್‌ನ ಸಂಖ್ಯೆ ಹೇಳಿ. ಆಂಬುಲೆನ್ಸಿಗೆ 144, ರೇಗಾ ಎಂಬ ಸ್ವಿಸ್ ವಾಯು ರಕ್ಷಣಾ ಸೇವೆಯ ಹೆಲಿಕಾಪ್ಟರಿಗೆ 1414.

ಲಿಫ್ಟ್ ಮುಚ್ಚಿದ ಮೇಲೆ ಪಿಸ್ಟ್‌ನಲ್ಲಿ ಉಳಿಯಬೇಡಿ. ಕಡಿದಾದ ಕಡೆ ಹದಗೊಳಿಸುವ ಯಂತ್ರಗಳು ಉಕ್ಕಿನ ಹಗ್ಗಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತವೆ, ಹಗ್ಗ ನೂರಾರು ಮೀಟರ್ ದೂರದವರೆಗೂ ಚಾಚಿರುತ್ತದೆ. ಮುಸ್ಸಂಜೆಯಲ್ಲಿ ಅದು ಕಾಣುವುದಿಲ್ಲ, ಎಳೆತಕ್ಕೆ ಒಮ್ಮೆಲೇ ನೆಲದಿಂದ ಮೇಲೇಳುತ್ತದೆ. ಈ ಕಣಿವೆಯಲ್ಲಿ ಫಾನ್ ಎಂಬ ಬಿಸಿಗಾಳಿ ಬೀಸಿದರೆ ಲಿಫ್ಟುಗಳು ಮಧ್ಯಾಹ್ನವೇ ನಿಲ್ಲಬಹುದು. ರೈಲು ಸಾಮಾನ್ಯವಾಗಿ ಓಡುತ್ತದೆ, ಹಾಗಾಗಿ ಗಾಳಿಯ ಮುನ್ಸೂಚನೆ ಇದ್ದ ದಿನ ಹಳಿಯ ಬಳಿಯಲ್ಲೇ ಇರಿ.

ಇನ್ನು ವಿಮೆ. ಸ್ವಿಟ್ಜರ್‌ಲೆಂಡ್‌ನಲ್ಲಿ ಒಬ್ಬರೇ ಉದ್ಯೋಗದಾತರ ಬಳಿ ವಾರಕ್ಕೆ 8 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಕೆಲಸದ ಹೊರಗಿನ ಅಪಘಾತವೂ ಕಂಪನಿಯ ಅಪಘಾತ ವಿಮೆಯಲ್ಲಿ ಬರುತ್ತದೆ. ಕೆಲಸಕ್ಕೆ ಹೋಗದವರಿಗೂ ಮಕ್ಕಳಿಗೂ ಮೂಲ ಆರೋಗ್ಯ ವಿಮೆಯಲ್ಲಿ ಅಪಘಾತದ ಭಾಗ ಸೇರಿರಬೇಕು, ಪಾಲಿಸಿ ತೆಗೆದು ನೋಡಿ. ಆ ಮೂಲ ವಿಮೆ ರಕ್ಷಣಾ ಕಾರ್ಯದ ಅರ್ಧ ಖರ್ಚನ್ನು ಮಾತ್ರ, ಅದೂ ವರ್ಷಕ್ಕೆ 5,000 ಫ್ರಾಂಕ್ ತನಕ ಕೊಡುತ್ತದೆ. ತಮ್ಮನದ್ದು ಭಾರತದಲ್ಲಿ ಕೊಂಡ ಪ್ರಯಾಣ ವಿಮೆ ಆಗಿರುತ್ತದೆ. ಅಂಥ ಎಷ್ಟೋ ಪಾಲಿಸಿಗಳು ಸ್ಕೀಯನ್ನು ಸಾಹಸ ಕ್ರೀಡೆಯೆಂದು ಹೊರಗಿಟ್ಟಿರುತ್ತವೆ. ಚಳಿಗಾಲದ ಕ್ರೀಡೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ವಿಮಾನ ಹತ್ತುವ ಮುಂಚೆ ಬರಹದಲ್ಲಿ ಕೇಳಿಸಿಕೊಳ್ಳಲಿ. ಹೆಚ್ಚುವರಿ ಕಂತು ಕಟ್ಟಿ ಸೇರಿಸಲು ಆಗುವುದಾದರೆ ಅದು ಹೊರಡುವ ಮುಂಚೆಯೇ ಆಗಬೇಕು.